ಶಾಂಘೈನ ನಮ್ಮ ಕಟ್ಟಡದವರಿಗೆ, ನನ್ನ ಶಾಲೆಯ ಮಕ್ಕಳಿಗೆ

ಶಾಂಘೈನಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಮುಗಿಸಿ ಈ ಜೂನ್ ಕೊನೆಗೆ ನಮ್ಮೂರು ಸಾಗರಕ್ಕೆ ಬಂದೆ. ಬಂದಾಗಿನಿಂದ ಸಿಕ್ಕವರೆಲ್ಲ ಕೇಳುವುದು ಒಂದೇ: "ಅಷ್ಟು ವರ್ಷ ಆ ದೇಶದಲ್ಲಿ ಹೇಗೆ ಇದ್ಯೋ ಮಾರಾಯ?" 2020ರಲ್ಲಿ ಚೀನಾ ಗಡಿಯ ಗಲ್ವಾನ್‌ನಲ್ಲಿ ನಮ್ಮ 20 ಸೈನಿಕರು ಪ್ರಾಣ ಕೊಟ್ಟ ಮೇಲೆ ಈ ಪ್ರಶ್ನೆಯ ದನಿಯೂ ಗಡುಸಾಗಿದೆ. ಆ ನೋವು ನನಗೂ ಇದೆ. ಆದರೆ ನಮ್ಮಪ್ಪ ತೀರಿಕೊಂಡಾಗ ನನ್ನ ಜೊತೆ ನಿಂತವರು ಅಲ್ಲಿನ ಜನ. ಅವರು ಏನೇನು ಮಾಡಿದರು ಅಂತ ನಮ್ಮ ಊರಿನವರಿಗೆ, ನೆಂಟರಿಗೆ ಗೊತ್ತಾಗಬೇಕು. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಚೀನಾದಲ್ಲಿ ಇಂಗ್ಲಿಷ್ ಕಲಿಸಲು ಹೋಗುವವರಿಗೆ ಕೆಲಸದ ಪರವಾನಗಿ ಕೊಡುವಾಗ ಮೊದಲು ನೋಡುವುದು ಪಾಸ್‌ಪೋರ್ಟ್. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದಂಥ ದೇಶದವರಿಗೆ ದಾರಿ ಸಲೀಸು. ನಾನು ಮೆಲ್ಬರ್ನ್‌ನಲ್ಲಿ ಓದಿ ಅಲ್ಲಿನ ಪೌರತ್ವ ಪಡೆದವನು, ಹಾಗಾಗಿ ಕಾಗದದಲ್ಲಿ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಮೈಬಣ್ಣದಲ್ಲಿ. ಫೋಟೊ ನೋಡಿ ಬೇಡ ಅಂದ ಟ್ಯೂಷನ್ ಕೇಂದ್ರಗಳಿದ್ದವು. ತಂದೆ-ತಾಯಂದಿರಿಗೆ ಬಿಳಿಯರೇ ಬೇಕು ಅಂತ ಬಾಯಿಬಿಟ್ಟೇ ಹೇಳಿದರು. ಶಾಂಘೈನ ಪುಡೋಂಗ್ ಭಾಗದ ಒಂದು ಸರ್ಕಾರಿ ಹೈಸ್ಕೂಲಿನವರು ಮಾತ್ರ ಫೋಟೊ ಪಕ್ಕಕ್ಕಿಟ್ಟು, ಒಂದು ಪಾಠ ಮಾಡಿ ತೋರಿಸಿ ಅಂದರು. ಅವರಿಗೆ ಮೊದಲ ನಮಸ್ಕಾರ.

ಆ ಶಾಲೆಯಲ್ಲಿ ವಿದೇಶಿ ಶಿಕ್ಷಕರ ಕಾಗದಪತ್ರ ನೋಡಿಕೊಳ್ಳುವ ಮೇಡಂ ಒಬ್ಬರಿದ್ದರು. ನನ್ನ ಬದುಕು ಅವರ ಕೈಯಲ್ಲಿತ್ತು ಅಂದರೆ ಜಾಸ್ತಿ ಹೇಳಿದ ಹಾಗಲ್ಲ. ಹೊಸ ಮನೆಗೆ ಹೋದರೆ 24 ಗಂಟೆಯೊಳಗೆ ಪೊಲೀಸರಲ್ಲಿ ವಿಳಾಸ ದಾಖಲಿಸಬೇಕು. ವರ್ಷವರ್ಷವೂ ಪರವಾನಗಿ ನವೀಕರಿಸಬೇಕು. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಮೊಬೈಲ್ ಅಂಗಡಿಯಲ್ಲಿ ಹೆಸರು ತುಂಬಬೇಕು. ಅಪ್ಪನ ಹೆಸರು, ಮನೆತನದ ಹೆಸರು ಎಲ್ಲ ಸೇರಿದ ನನ್ನ ಉದ್ದನೆಯ ಹೆಸರು, ಎರಡು-ಮೂರು ಅಕ್ಷರದ ಹೆಸರಿಗೆ ಮಾಡಿದ ಆ ಖಾನೆಗಳಲ್ಲಿ ಹಿಡಿಯುತ್ತಲೇ ಇರಲಿಲ್ಲ. ಪ್ರತಿ ಸಲ ಆ ಮೇಡಂ ಜೊತೆಗೆ ಬಂದು, ಕೌಂಟರಿನವರಿಗೆ ತಾಳ್ಮೆಯಿಂದ ವಿವರಿಸುತ್ತಿದ್ದರು. ಸೆಪ್ಟೆಂಬರ್ 10 ಅಲ್ಲಿ ಶಿಕ್ಷಕರ ದಿನ. ಅವತ್ತು ಮಕ್ಕಳು ನಮಗೆಲ್ಲ ಹೂವು ಕೊಡುತ್ತಿದ್ದರು. ಆ ಮೇಡಂಗೆ ಕೊಡುವವರು ಇರಲಿಲ್ಲ. ಮೇಡಂ, ನಿಮಗೆ ತುಂಬಾ ಧನ್ಯವಾದಗಳು.

ಇನ್ನು 2022ರ ಮಾತು.

ಕೋವಿಡ್‌ನಿಂದಾಗಿ ಮಾರ್ಚ್ ಮಧ್ಯಕ್ಕೇ ಶಾಲೆ ಆನ್‌ಲೈನ್ ಆಗಿತ್ತು. ಮಾರ್ಚ್ 28ಕ್ಕೆ ಹುವಾಂಗ್‌ಪು ನದಿಯ ಪೂರ್ವದ ಪುಡೋಂಗ್ ಭಾಗಕ್ಕೆ ಬೀಗ ಬಿತ್ತು. ನಾಲ್ಕು ದಿನ ಅಂದಿದ್ದರು. ಜೂನ್ 1ರವರೆಗೆ ಹೋಯಿತು. ಸುಮಾರು ಎರಡೂವರೆ ಕೋಟಿ ಜನರ ನಗರ, ಬೀದಿಯಲ್ಲಿ ಒಂದು ಸ್ಕೂಟರ್ ಸದ್ದಿಲ್ಲ. ಹೊರಗೆ ಓಡಾಡುತ್ತಿದ್ದವರು ಬಿಳಿ ರಕ್ಷಣಾ ಉಡುಪು ತೊಟ್ಟ ಸ್ವಯಂಸೇವಕರು ಮಾತ್ರ. ಅಂಗಡಿಗೆ ಹೋಗುವ ಹಾಗಿಲ್ಲ. ಆ್ಯಪ್‌ನಲ್ಲಿ ತರಕಾರಿ ಬುಕ್ ಮಾಡಲು ಬೆಳಗಿನ ಜಾವವೇ ಎದ್ದು ಕೂತರೂ ಸಿಗುತ್ತಿರಲಿಲ್ಲ. ಕೊನೆಗೆ ನಮ್ಮನ್ನು ಉಳಿಸಿದ್ದು ಗುಂಪು ಖರೀದಿ. ಇಡೀ ವಠಾರದವರು ಸೇರಿ ಒಟ್ಟಿಗೆ ಆರ್ಡರ್ ಮಾಡಿದರೆ ಲಾರಿ ಗೇಟಿನವರೆಗೆ ಬರುತ್ತಿತ್ತು. ನಮ್ಮ ಕಟ್ಟಡದಲ್ಲಿ ಅದನ್ನು ನಡೆಸಿದ್ದು ಆರನೇ ಮಹಡಿಯ ಒಬ್ಬ ಹೆಂಗಸು. ಪುಟ್ಟ ಮಗು ಇದ್ದ ತಾಯಿ. ಯಾರ ಮನೆಗೆ ಎಷ್ಟು ಮೊಟ್ಟೆ, ಯಾರಿಗೆ ಬಿಪಿ ಮಾತ್ರೆ, ಯಾರಿಗೆ ಹಾಲಿನ ಪುಡಿ, ಎಲ್ಲ ಅವರ ಪಟ್ಟಿಯಲ್ಲಿತ್ತು. ವೀಚಾಟ್ (ಅಲ್ಲಿನ ವಾಟ್ಸಾಪ್‌ನಂಥದ್ದು) ಗುಂಪಿನಲ್ಲಿ ದಿನವಿಡೀ ಹರಿಯುತ್ತಿದ್ದ ಚೀನೀ ಸಂದೇಶಗಳಲ್ಲಿ ನಾನು ಕಳೆದುಹೋಗುತ್ತೇನೆ ಅಂತ, ಮುಖ್ಯವಾದದ್ದನ್ನು ಇಂಗ್ಲಿಷ್‌ಗೆ ಮಾಡಿ ನನಗೆ ಬೇರೆಯಾಗಿ ಕಳಿಸುತ್ತಿದ್ದರು. ಯಾರೂ ಕೇಳಿಕೊಂಡಿರಲಿಲ್ಲ.

ನಾನು ಸಸ್ಯಾಹಾರಿ ಅನ್ನುವುದು ಒಂದೇ ವಾರದಲ್ಲಿ ಕಟ್ಟಡಕ್ಕೆಲ್ಲ ತಿಳಿಯಿತು. ಸರ್ಕಾರದಿಂದ ಬಂದ ಚೀಲದಲ್ಲಿ ಹಂದಿಮಾಂಸ ಇದ್ದರೆ ಎದುರು ಮನೆಯ ಅಜ್ಜಿ ತೆಗೆದುಕೊಂಡು, ಬದಲಿಗೆ ತೋಫು, ಸೊಪ್ಪು ಬಾಗಿಲ ಬಳಿ ಇಟ್ಟು ಹೋಗುತ್ತಿದ್ದರು. ಅವರ ಮಾತು ಶಾಂಘೈನ ಆಡುಮಾತು, ನನಗೆ ಬರುತ್ತಿದ್ದ ಚೂರುಪಾರು ಮ್ಯಾಂಡರಿನ್‌ಗೆ ಅದು ಅರ್ಥವಾಗುತ್ತಿರಲಿಲ್ಲ. ಕೊಡು-ಕೊಳ್ಳುವುದಕ್ಕೆ ಅದರಿಂದ ಏನೂ ಅಡ್ಡಿಯಾಗಲಿಲ್ಲ.

ಏಪ್ರಿಲ್ 5 ಚಿಂಗ್‌ಮಿಂಗ್. ಹಿರಿಯರ ಸಮಾಧಿಗೆ ಹೋಗಿ ಗುಡಿಸಿ, ಎಡೆ ಇಟ್ಟು ಬರುವ ದಿನ. ಆ ವರ್ಷ ಶಾಂಘೈನಲ್ಲಿ ಯಾರಿಗೂ ಮನೆ ಬಿಟ್ಟು ಹೋಗಲಾಗಲಿಲ್ಲ. ಮಾರನೇ ದಿನ ತಮ್ಮ ಫೋನ್ ಮಾಡಿದ. ಅಪ್ಪ ತೋಟದಿಂದ ಬಂದು ಕೂತವರು ಮತ್ತೆ ಏಳಲಿಲ್ಲ.

ನನಗೆ ಮನೆಯ ಬಾಗಿಲು ದಾಟುವ ಹಾಗಿರಲಿಲ್ಲ. ದಾಟಿದರೂ ಭಾರತಕ್ಕೆ ನೇರ ವಿಮಾನ ಇರಲಿಲ್ಲ, ಅವು 2020ರಲ್ಲೇ ನಿಂತಿದ್ದವು. ಕೆಲಸ ಬಿಟ್ಟು ಹೇಗೋ ಹೊರಡೋಣ ಅಂತ ಹುಚ್ಚನ ಹಾಗೆ ಫೋನ್ ಮಾಡುತ್ತಿದ್ದೆ. ಶಾಲೆಯ ಆ ಮೇಡಂ ರಾತ್ರಿಯೆಲ್ಲ ನನ್ನ ಜೊತೆ ಲೈನಿನಲ್ಲಿದ್ದು ಎಲ್ಲ ಕಡೆ ವಿಚಾರಿಸಿದರು. ಆಗುವುದಿಲ್ಲ ಅಂತ ಖಚಿತವಾದಾಗ ಅವರೂ ಅತ್ತರು. ತಮ್ಮನೇ ಬೆಂಕಿ ಕೊಟ್ಟ. ನಾನು ಮೊಬೈಲ್‌ನಲ್ಲಿ ನೋಡಿದೆ.

ಹತ್ತನೇ ದಿನಕ್ಕೆ ಅಲ್ಲಿಂದಲೇ ತರ್ಪಣ ಬಿಡು ಅಂದರು ಭಟ್ಟರು. ದರ್ಭೆ ಇಲ್ಲದಿದ್ದರೆ ಬೇಡ, ಕಪ್ಪು ಎಳ್ಳು ಮಾತ್ರ ಬೇಕು. ಬೀಗ ಬಿದ್ದ ನಗರದಲ್ಲಿ ಎಳ್ಳು ಎಲ್ಲಿಂದ ತರುವುದು? ಆರನೇ ಮಹಡಿಯ ಅವರಿಗೆ ಬರೆದೆ, ಯಾಕೆ ಅಂತಲೂ ಬರೆದೆ. ಅವರು ಗುಂಪಿನಲ್ಲಿ ಹಾಕಿದರು. ಅರ್ಧ ಗಂಟೆಯೊಳಗೆ ನನ್ನ ಬಾಗಿಲ ಮುಂದೆ ಚಿಕ್ಕ ಚಿಕ್ಕ ಪೊಟ್ಟಣಗಳು. ಅಲ್ಲಿನ ಅಡುಗೆಮನೆಗಳಲ್ಲಿ ಕಪ್ಪು ಎಳ್ಳು ಇದ್ದೇ ಇರುತ್ತದಂತೆ, ಸಿಹಿ ಉಂಡೆಯ ಹೂರಣಕ್ಕೆ. ತಮ್ಮ ಹಿರಿಯರಿಗೆ ಆ ವರ್ಷ ಏನೂ ಮಾಡಲಾಗದ ಮನೆಗಳವರು, ಹೆಸರೂ ಗೊತ್ತಿಲ್ಲದ ಸಾಗರದ ಒಬ್ಬ ಅಡಿಕೆ ಬೆಳೆಗಾರನಿಗೆ ಎಳ್ಳು ಕೊಟ್ಟರು. ಎದುರು ಮನೆಯ ಅಜ್ಜಿ ಜೊತೆಗೆ ಎರಡು ಕಿತ್ತಳೆ ಇಟ್ಟಿದ್ದರು. ಆ ದಿನಗಳಲ್ಲಿ ಹಣ್ಣು ಅಂದರೆ ಎಷ್ಟು ಅಪರೂಪ ಅಂತ ಅಲ್ಲಿದ್ದವರಿಗಷ್ಟೇ ಗೊತ್ತು.

ಆ ಎಲ್ಲ ಮನೆಗಳಿಗೆ, ಅಮ್ಮನ ಪರವಾಗಿಯೂ ನಮಸ್ಕಾರ ಹೇಳುತ್ತಿದ್ದೇನೆ. ಅಮ್ಮ ಈಗಲೂ ಆ ಅಜ್ಜಿಯನ್ನು ವಿಚಾರಿಸುತ್ತಾರೆ.

ಆಮೇಲೆ ನನ್ನ ಮಕ್ಕಳು. ನಮ್ಮ ಪಿಯುಸಿ ಎರಡನೇ ವರ್ಷಕ್ಕೆ ಸಮನಾದ ತರಗತಿ. ಅವರ ತಲೆಯ ಮೇಲೆ ಗಾವ್‌ಕಾವ್ ಪರೀಕ್ಷೆ ಕೂತಿತ್ತು. ಯಾವ ವಿಶ್ವವಿದ್ಯಾಲಯ, ಯಾವ ಕೋರ್ಸ್ ಅನ್ನುವುದೆಲ್ಲ ತೀರ್ಮಾನವಾಗುವ ಪರೀಕ್ಷೆ. ದೇಶದಲ್ಲೆಲ್ಲ ಜೂನ್ 7ಕ್ಕೆ ಶುರುವಾದರೆ, ಶಾಂಘೈ ಮಕ್ಕಳಿಗೆ ಒಂದು ತಿಂಗಳು ಮುಂದೆ ಹಾಕಿ ಜುಲೈ 7ರಿಂದ 9 ಅಂದರು. ಒಂದೇ ಕೋಣೆಯಲ್ಲಿ ಅಪ್ಪ-ಅಮ್ಮ, ಅಜ್ಜ-ಅಜ್ಜಿ ಜೊತೆ ಕೂತು ಓದುತ್ತಿದ್ದ ಮಕ್ಕಳಿದ್ದರು. ಮಾತಾಡುವ ಇಂಗ್ಲಿಷ್ ಕಲಿಸುವ ನನ್ನ ಪಾಠ ಅವರಿಗೆ ಅಂಥ ಮುಖ್ಯದ್ದೇನೂ ಅಲ್ಲ. ಸಾಮಾನ್ಯವಾಗಿ ಕ್ಯಾಮೆರಾ ಬಂದ್ ಮಾಡಿಯೇ ಕೂರುತ್ತಿದ್ದರು.

ಅಪ್ಪನ ಕಾರ್ಯ ಮುಗಿದ ಮೇಲೆ ಮೊದಲ ದಿನ ಕ್ಲಾಸಿಗೆ ಬಂದಾಗ ಎಲ್ಲರ ಕ್ಯಾಮೆರಾ ಆನ್ ಇತ್ತು. ಶಾಲೆಯಲ್ಲಿ ಟೀಚರ್ ಒಳಗೆ ಬಂದಾಗ ಎದ್ದು ನಿಲ್ಲುವ ಹಾಗೆ, ತಮ್ಮ ತಮ್ಮ ಮನೆಯಲ್ಲಿ ಎಲ್ಲರೂ ಎದ್ದು ನಿಂತರು. ಆಮೇಲೆ ಒಬ್ಬೊಬ್ಬರಾಗಿ ಅಪ್ಪನ ಬಗ್ಗೆ ಇಂಗ್ಲಿಷ್‌ನಲ್ಲಿ ಪ್ರಶ್ನೆ ಕೇಳಿದರು. ಮೊದಲೇ ಮಾತಾಡಿಕೊಂಡಿದ್ದರು ಅಂತ ಕಾಣುತ್ತದೆ. ಅಡಿಕೆ ಬೆಳೆಯುತ್ತಿದ್ದರು ಅಂದಾಗ ಹುನಾನ್ ಪ್ರಾಂತ್ಯದ ಮೂಲದ ಹುಡುಗಿಯೊಬ್ಬಳ ಮುಖ ಅರಳಿತು. ಚೀನಾದಲ್ಲಿ ಅಡಿಕೆ ಬೆಳೆಯುವುದು ದಕ್ಷಿಣದ ಹೈನಾನ್ ದ್ವೀಪದಲ್ಲಿ, ಅಗಿಯುವವರು ಜಾಸ್ತಿ ಹುನಾನ್‌ನಲ್ಲಿ. ತನ್ನ ಅಜ್ಜನ ಜೇಬಿನಲ್ಲಿ ಯಾವಾಗಲೂ ಅಡಿಕೆ ಪೊಟ್ಟಣ ಇರುತ್ತಿತ್ತು ಅಂತ ಹೇಳಿದಳು. ಅಪ್ಪನ ಬಗ್ಗೆ ಅಷ್ಟು ಹೊತ್ತು ನಾನು ಯಾರ ಬಳಿಯೂ ಮಾತಾಡಿರಲಿಲ್ಲ. ಅವತ್ತಿನಿಂದ ಮತ್ತೆ ಊಟ ಸೇರಿತು, ನಿದ್ದೆ ಬಂತು. ಮಕ್ಕಳೇ, ನೀವು ಅವತ್ತು ಮಾಡಿದ್ದು ಎಷ್ಟು ದೊಡ್ಡದು ಅಂತ ನಿಮಗೆ ಆಗ ಗೊತ್ತಾಗಿರಲಿಕ್ಕಿಲ್ಲ. ಈ ವರ್ಷ ನಿಮ್ಮಲ್ಲಿ ಬಹಳ ಮಂದಿ ಪದವಿ ಮುಗಿಸಿದಿರಿ. ಈಗ ಹೇಳುತ್ತಿದ್ದೇನೆ.

ಆ ದಿನಗಳಲ್ಲಿ ನನ್ನ ತರಗತಿಗಳನ್ನು ತಮ್ಮ ಮೇಲೆ ಹಾಕಿಕೊಂಡ ಸಹೋದ್ಯೋಗಿಗಳಿಗೆ, ದಿನಾ ಸಂಜೆ ಫೋನ್ ಮಾಡಿ ಕನ್ನಡದಲ್ಲಿ ಮಾತಾಡಿಸಿದ ಶಾಂಘೈನ ಕನ್ನಡ ಮನೆಗಳಿಗೆ ಧನ್ಯವಾದ. 2023ರ ಜನವರಿ 8ಕ್ಕೆ ಗಡಿ ತೆರೆಯಿತು, ಆ ಏಪ್ರಿಲ್‌ನಲ್ಲಿ ವರ್ಷಾಂತಿಕಕ್ಕೆ ಊರಿಗೆ ಬಂದೆ. ರಜೆ ಕೊಟ್ಟ ಪ್ರಾಂಶುಪಾಲರಿಗೂ ಧನ್ಯವಾದ. ಇಲ್ಲಿ ಎಲ್ಲವನ್ನೂ ಒಬ್ಬನೇ ನಿಭಾಯಿಸಿದ ತಮ್ಮನಿಗೆ ಏನು ಹೇಳಲಿ? ಅವನಿಗೆ ಗೊತ್ತು.

ಈ ಬರಹವನ್ನು ಇಂಗ್ಲಿಷ್‌ಗೆ ಮಾಡಿ ಆ ಹುನಾನ್ ಹುಡುಗಿಗೆ ಕಳಿಸುತ್ತೇನೆ. ಅವಳು ಚೀನೀಗೆ ಮಾಡಿ ನಮ್ಮ ಹಳೇ ಕಟ್ಟಡದ ಗುಂಪಿಗೆ ಹಾಕುತ್ತೇನೆ ಅಂದಿದ್ದಾಳೆ. ಅಲ್ಲಿ ಓದುವವರಿಗೆ ಒಂದು ಮಾತು: 2025ರ ಅಕ್ಟೋಬರ್‌ನಿಂದ ನಮ್ಮ ಎರಡು ದೇಶಗಳ ನಡುವೆ ಮತ್ತೆ ನೇರ ವಿಮಾನ ಇದೆ. ಬೆಂಗಳೂರಿನಿಂದ ಸಾಗರಕ್ಕೆ ರಾತ್ರಿ ರೈಲಿದೆ. ಅಡಿಕೆ ಕೊಯ್ಲು ನವೆಂಬರ್ ಹೊತ್ತಿಗೆ ಜೋರಾಗುತ್ತದೆ, ತೋಟ ನೋಡಲು ಒಳ್ಳೆಯ ಸಮಯ. ಅಮ್ಮ ಅಡುಗೆ ಮಾಡುತ್ತಾರೆ, ನಾನು ಸ್ಟೇಷನ್‌ಗೆ ಬಂದು ಕರೆದುಕೊಂಡು ಹೋಗುತ್ತೇನೆ. ದಯವಿಟ್ಟು ಬನ್ನಿ.