ಪಾವಿಯಾದಲ್ಲಿರುವ ಅಣ್ಣನ ಮಗನಿಗೆ

ಚಿರಂಜೀವಿಗೆ ಚಿಕ್ಕಪ್ಪ ಮಾಡುವ ಆಶೀರ್ವಾದಗಳು.

ಊರಿನ ಸುದ್ದಿಯೆಲ್ಲ ಅತ್ತಿಗೆ ಫೋನಿನಲ್ಲಿ ಹೇಳಿರುತ್ತಾರೆ. ಹಿಂದೆ ಇಟಲಿಯ ಮಿಲಾನ್ ಆಳಿದ ಜಾನ್ ಗಲಿಯಾಟ್ಸೊ ವಿಸ್ಕೊಂತಿ ನಿನ್ನ ಪಾವಿಯಾದಲ್ಲಿ ಕಟ್ಟಿಸಲು ಶುರುಮಾಡಿದ ಮಠದ ಬಗ್ಗೆ ಬರೆದದ್ದು ಚೆನ್ನಾಗಿತ್ತು. ಆದರೆ ಕೊನೆಗೊಂದು ಸಾಲು ಬರೆದೆಯಲ್ಲ, 'ಅವನು ಮೊದಲು ಕೈ ಎತ್ತದಿದ್ದರೆ ಅವನೇ ಮುಗಿದುಹೋಗುತ್ತಿದ್ದ, ಭಾಗದ ವಿಷಯದಲ್ಲಿ ಎಲ್ಲ ಮನೆಗಳೂ ಹೀಗೇ ಅಲ್ಲವೇ?' ಅಂತ. ಎರಡು ರಾತ್ರಿ ನಿದ್ದೆ ಬರಲಿಲ್ಲ.

ಗಲಿಯಾಟ್ಸೊ ಹಿಡಿದು ಹಾಕಿದ್ದು ಚಿಕ್ಕಪ್ಪನನ್ನೇ ಅಲ್ಲವೇನೋ. ಆ ಚಿಕ್ಕಪ್ಪ ಬೆರ್ನಬೋ ಒಳ್ಳೆಯವನೇನೂ ಅಲ್ಲ, ಕ್ರೂರಿ. ಹಿಂಡು ಮಕ್ಕಳು ಬೇರೆ. 1378ರಲ್ಲಿ ಬೆರ್ನಬೋನ ಅಣ್ಣ, ಅಂದರೆ ಗಲಿಯಾಟ್ಸೊನ ಅಪ್ಪ, ಸತ್ತ ಮೇಲೆ ಪಾವಿಯಾದ ಈ ಹುಡುಗನಿಗೆ ದಿಗಿಲು ಹತ್ತಿದ್ದು ಸಹಜವೇ. ಚಿಕ್ಕಪ್ಪನ ಮಗಳನ್ನೇ ಮದುವೆಯಾದ (ನಮ್ಮಲ್ಲಾದರೆ ತಂಗಿ!). ಪೂಜೆ, ಜಪ ಅಂತ ಪುಕ್ಕಲನ ಹಾಗೆ ಕಾಣಿಸಿಕೊಂಡ. 1385ರ ಮೇ 6, ವರೇಸೆಯ ಬೆಟ್ಟದ ಮೇರಿ ಮಾತೆಯ ದರ್ಶನಕ್ಕೆಂದು ಸೈನ್ಯದೊಡನೆ ಹೊರಟ. ಮಿಲಾನಿನ ಕೋಟೆ ಬಾಗಿಲಾಚೆ ಅಣ್ಣನ ಮಗನನ್ನು ಮಾತನಾಡಿಸಲು ಮುದುಕ ಹೇಸರಗತ್ತೆ ಏರಿ ಬಂದ. ಆಮೇಲಿನದು ನಿನಗೆ ಗೊತ್ತು. ತಾನೇ ಕಟ್ಟಿಸಿದ ತ್ರೆಟ್ಸೊ ಕೋಟೆಯಲ್ಲೇ ಸೆರೆಯಾಗಿ ಮುದುಕ ಡಿಸೆಂಬರಿನಲ್ಲಿ ಸತ್ತ. ಕಾಳಿನ ಊಟದಲ್ಲಿ ವಿಷ ಇತ್ತಂತೆ ಅಂತ ಜನ ಆಡಿಕೊಂಡರು.

ನೀನು ಆ ಹುಡುಗನ ಹೆದರಿಕೆ ಕಂಡೆ. ನನಗೆ ಆ ಹೇಸರಗತ್ತೆಯೇ ಕಣ್ಣಿಗೆ ಕಟ್ಟಿದೆ.

ಆದರೂ ಮೊದಲು ಕೈ ಎತ್ತಿದವನು ನಾನೇ. ನಮ್ಮಪ್ಪ ತೀರಿಕೊಂಡ ವರ್ಷ ಅಣ್ಣ ಮುಂಬೈಯಲ್ಲಿದ್ದ. ಬಾವಿ ಪಕ್ಕದ ತೋಟ ಕೇಳಿಬಿಟ್ಟರೆ ಅಂತ ನನಗೆ ಒಳಗೊಳಗೇ ನಡುಕ. ಅವನು ರಜಕ್ಕೆ ಬರುವಷ್ಟರಲ್ಲಿ ಖಾತೆ ನನ್ನ ಹೆಸರಿಗಾಗಿತ್ತು. ಪಹಣಿ ನೋಡಿದ, ಏನೂ ಅನ್ನಲಿಲ್ಲ, ಊಟ ಮಾಡಿದ. ಆಮೇಲೆ ಎಷ್ಟೋ ಸಲ ಬಂದ, ಒಂದು ರಾತ್ರಿಯೂ ಈ ಮನೆಯಲ್ಲಿ ಮಲಗಲಿಲ್ಲ. ಕೇಳುತ್ತಿದ್ದನೋ ಇಲ್ಲವೋ, ಈಗ ಯಾರನ್ನು ವಿಚಾರಿಸಲಿ?

ಗಲಿಯಾಟ್ಸೊ ಗೆದ್ದನಲ್ಲ ಅನ್ನುತ್ತೀಯ. ಹೌದು, 1395ರಲ್ಲಿ ಜರ್ಮನಿಯ ರಾಜನಿಗೆ ಲಕ್ಷ ಫ್ಲಾರಿನ್ ಚಿನ್ನದ ನಾಣ್ಯ ಸುರಿದು ಡ್ಯೂಕ್ ಆದ. 1402ರಲ್ಲಿ ಬೊಲೊನ್ಯ ಬಿತ್ತು, ಫ್ಲಾರೆನ್ಸಿನ ಸುತ್ತ ಎಲ್ಲ ಅವನದೇ. ಸೆಪ್ಟೆಂಬರಿನಲ್ಲಿ ಜ್ವರ ಬಂದು ಹೋದ. ಗಂಡುಮಕ್ಕಳಿಬ್ಬರೂ ಇನ್ನೂ ಹುಡುಗರು. ದೊಡ್ಡವನನ್ನು 1412ರಲ್ಲಿ ಕೊಂದರು. ಚಿಕ್ಕವನು ಯಾರನ್ನೂ ನಂಬದೆ ಕೋಟೆಯೊಳಗೇ ಬಾಳು ಸವೆಸಿದ.

ಬುದ್ಧಿ ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ. ವಕೀಲರನ್ನು ಕೇಳಬೇಕೆನಿಸಿದರೆ ಕೇಳು, ಬೇಜಾರಿಲ್ಲ. ಕೇಳುವ ಮೊದಲು ನನಗೊಂದು ಫೋನ್ ಮಾಡಿದರೆ ಸಾಕು. ಕಾಗದಪತ್ರಗಳ ಜೆರಾಕ್ಸ್ ಇದರ ಜೊತೆಗೇ ಇಟ್ಟಿದ್ದೇನೆ, ತೋಟದ್ದೂ ಇದೆ. ಚಳಿಗೆ ಸ್ವೆಟರ್ ಹಾಕಿಕೋ.

ರಜಕ್ಕೆ ಯಾವ ರೈಲಿಗೆ ಬರುತ್ತೀಯೆಂದು ಬರೆ. ಸ್ಟೇಷನ್ನಿಗೆ ನಾನೇ ಬರುತ್ತೇನೆ.

ನಿನ್ನ ಚಿಕ್ಕಪ್ಪ