ಮಾತು ಕೇಳಬೇಕಾಗಿಲ್ಲ, ಕಾಲ್ ಲಿಸ್ಟ್ ಸಾಕು

ಸಂಪಾದಕರೇ,

ಮೊನ್ನೆ ಫೋನಿನ ಹಳೇ ಕಾಲ್ ಲಿಸ್ಟ್ ಅಳಿಸುತ್ತಾ ಕೂತಿದ್ದೆ. ಒಂದು ರಾತ್ರಿಯದು ಹೀಗಿತ್ತು. 2.10ಕ್ಕೆ 108. ನಾಲ್ಕು ನಿಮಿಷ ಬಿಟ್ಟು ಮತ್ತೆ 108. 3.40ಕ್ಕೆ ಹುಬ್ಬಳ್ಳಿಯಲ್ಲಿರುವ ಭಾಮೈದನಿಗೆ. ಬೆಳಗ್ಗೆ 5ರಿಂದ ಒಂದರ ಹಿಂದೊಂದು ಹದಿನೆಂಟು ಕಾಲ್, ಯಾವುದೂ ಒಂದು ನಿಮಿಷ ದಾಟಿಲ್ಲ. ಆಮೇಲೆ ಪುರೋಹಿತರಿಗೆ. ಏನು ಮಾತಾಡಿದೆ ಅಂತ ಒಂದಕ್ಷರವೂ ಅಲ್ಲಿಲ್ಲ. ಆದರೂ ನಮ್ಮ ಅತ್ತೆ ಹೋದ ರಾತ್ರಿ ಅದು ಅಂತ ನೋಡಿದವರಿಗೆ ಗೊತ್ತಾಗುತ್ತದೆ, ಅಲ್ವಾ?

ನನ್ನ ಫೋನಿನಿಂದ ಅಳಿಸಿದೆ. ಕಂಪನಿಯ ಹತ್ತಿರ ಅದು ಎರಡು ವರ್ಷ ಇರುತ್ತದೆ, ಯಾವ ಟವರ್ ಹತ್ತಿರ ಇದ್ದೆ ಅನ್ನುವುದರ ಸಮೇತ. ಮೊದಲು ಒಂದು ವರ್ಷ ಇತ್ತು. 2021ರ ಡಿಸೆಂಬರಿನಲ್ಲಿ ದೂರಸಂಪರ್ಕ ಇಲಾಖೆ ಲೈಸೆನ್ಸ್ ಷರತ್ತು ತಿದ್ದಿ ಕನಿಷ್ಠ ಎರಡು ವರ್ಷ ಅಂತ ಮಾಡಿತು. ಕಾಲ್ ಮಾತ್ರ ಅಲ್ಲ, ಇಂಟರ್ನೆಟ್ಟಿನ ಐಪಿ ದಾಖಲೆಯೂ, ಅಂದರೆ ಯಾವಾಗ ಯಾವ ನೆಟ್ ವಿಳಾಸದಿಂದ ಇಂಟರ್ನೆಟ್ ಬಳಸಿದೆವು ಅನ್ನುವುದೂ, ಸೇರಿ. ಹೊಸ ಕಾನೂನಿಲ್ಲ, ಇಲಾಖೆಯದೊಂದು ಆದೇಶ, ಮುಗೀತು. ಮರುವರ್ಷ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್, ಇಂಟರ್ನೆಟ್ಟಿನಲ್ಲಿ ನಮ್ಮ ಗುರುತು ಮರೆಮಾಡಿಕೊಡುವ ವಿಪಿಎನ್ ಕಂಪನಿಗಳಿಗೆ ಗ್ರಾಹಕರ ಹೆಸರು, ವಿಳಾಸ ಐದು ವರ್ಷ ಇಟ್ಟುಕೊಳ್ಳಿ ಅಂದಾಗ ಕೆಲವು ಕಂಪನಿಗಳು ಇಲ್ಲಿನ ಸರ್ವರ್ ಎತ್ತಿಕೊಂಡು ಹೊರಟೇ ಹೋದವು.

ಪೊಲೀಸ್ ಇಲಾಖೆಯಿಂದ ರಿಟೈರ್ ಆದ ಗೆಳೆಯರೊಬ್ಬರು ಇದನ್ನು ಕೇಳಿ ನಕ್ಕರು. ಸಿಡಿಆರ್ (ಕಂಪನಿ ಇಟ್ಟುಕೊಳ್ಳುವ ಈ ಕಾಲ್ ದಾಖಲೆ) ಇಲ್ಲದಿದ್ದರೆ ಅರ್ಧ ಕೇಸು ನಿಲ್ಲೋದೇ ಇಲ್ಲ, ತಪ್ಪು ಮಾಡದವನಿಗೆ ಯಾಕೆ ಭಯ ಅಂದರು. ಮೊದಲ ಮಾತು ನಿಜ ಇರಬಹುದು. ಎರಡನೆಯದಕ್ಕೆ ಅರುಣ್ ಜೇಟ್ಲಿ ಕಥೆ ನೆನಪಿಸಿದೆ. 2013ರಲ್ಲಿ ಅವರು ರಾಜ್ಯಸಭೆಯ ವಿರೋಧ ಪಕ್ಷದ ನಾಯಕರು. ಮೇಲಧಿಕಾರಿಯ ಇಮೇಲ್ ಬಳಸಿ ಅವರ ಕಾಲ್ ವಿವರ ಕೇಳಿದ ಆರೋಪದಲ್ಲಿ ದೆಹಲಿಯ ಒಬ್ಬ ಕಾನ್‌ಸ್ಟೇಬಲ್ ಸಿಕ್ಕಿಬಿದ್ದ. ಅಂಥವರ ಗತಿಯೇ ಹೀಗಾದರೆ ನಮ್ಮ ಬೀದಿಯ ಹುಡುಗಿಯದು ಯಾರೋ ತೆಗೆಸಿದರೆ ಅದು ಸುದ್ದಿಯೂ ಆಗುವುದಿಲ್ಲ.

ಜರ್ಮನಿಯಲ್ಲಿ ಇಂಥದ್ದೇ ಕಾನೂನಿನ ವಿರುದ್ಧ ಸುಮಾರು 35 ಸಾವಿರ ಜನ ಕೋರ್ಟಿಗೆ ಹೋದರು. 2010ರಲ್ಲಿ ಅಲ್ಲಿನ ಸಂವಿಧಾನ ಕೋರ್ಟು ಕಾನೂನು ರದ್ದು ಮಾಡಿ, ಕೂಡಿಟ್ಟದ್ದನ್ನು ಕೂಡಲೇ ಅಳಿಸಿ ಅಂದಿತು. 2014ರಲ್ಲಿ ಯುರೋಪಿನ ನ್ಯಾಯಾಲಯ ಇಡೀ ಒಕ್ಕೂಟದ ನಿಯಮವನ್ನೇ ತೆಗೆದುಹಾಕಿತು. ಅಲ್ಲೇನು ಕಳ್ಳರಿಲ್ಲವೇ? ಅನುಮಾನ ಬಂದವನ ದಾಖಲೆ ಅಳಿಸಬೇಡಿ ಅಂತ ಕಂಪನಿಗೆ ಹೇಳಲಿ, ಜಡ್ಜ್ ಸಹಿ ಹಾಕಿದ ಮೇಲೆ ತೆಗೆಸಿಕೊಳ್ಳಲಿ, ಯಾರು ಬೇಡ ಅಂದರು? ಊರಿಗೆ ಊರನ್ನೇ ಅನುಮಾನದ ಪಟ್ಟಿಯಲ್ಲಿಟ್ಟು ಆಮೇಲೆ ಕಳ್ಳನನ್ನು ಹುಡುಕುವುದು ಯಾವ ಲೆಕ್ಕ?

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲಿ ಒಮ್ಮತದಿಂದ ಹೇಳಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ. ಎಂಬತ್ತು ದಾಟಿದ ಮೇಲೆ ಕೋರ್ಟ್ ಮೆಟ್ಟಿಲು ಹತ್ತಿದವರು ಅವರು. ಆ ತೀರ್ಪು ಬಂದು ನಾಲ್ಕೇ ವರ್ಷಕ್ಕೆ ಈ ಎರಡು ವರ್ಷದ ಆದೇಶ.

ವರ್ಷಕ್ಕೆ ಎಷ್ಟು ಜನರ ಸಿಡಿಆರ್ ತೆಗೆಸುತ್ತೀರಿ, ಅದರಲ್ಲಿ ಎಷ್ಟು ಕೇಸು ಕೋರ್ಟಿಗೆ ಬಂತು? ಕರ್ನಾಟಕದ 28 ಲೋಕಸಭಾ ಸದಸ್ಯರಲ್ಲಿ ಒಬ್ಬರಾದರೂ ಇದನ್ನು ಸದನದಲ್ಲಿ ಕೇಳಲಿ.

– ಒಬ್ಬ ಓದುಗ, ಮೈಸೂರು