ಓವನ್ ಹೊತ್ತದಿದ್ದಾಗ: ತಮ್ಮನ ಮಗನಿಗೆ ಒಂದು ಪತ್ರ

ಚಿರಂಜೀವಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಉಭಯ ಕುಶಲೋಪರಿ. ಬೆಂಗಳೂರಿನಲ್ಲಿ ನೀನು ಬೇಕರಿ ಓವನ್‌ಗಳ ರಿಪೇರಿ ಕೆಲಸವನ್ನು ಸ್ವಂತವಾಗಿ ಆರಂಭಿಸಿದ್ದೀಯೆಂದು ನಿನ್ನ ತಂದೆ ಫೋನಿನಲ್ಲಿ ತಿಳಿಸಿದಾಗ ಬಹಳ ಸಂತೋಷವಾಯಿತು. ನಮ್ಮ ಹಾಸನದ ಕಡೆಯಿಂದ ಹೋದವರು ಅಲ್ಲಿ ಬೀದಿಬೀದಿಗಳಲ್ಲಿ ಅಯ್ಯಂಗಾರ್ ಬೇಕರಿಗಳನ್ನು ನಡೆಸುತ್ತಿರುವುದರಿಂದ ನಿನಗೆ ಕೆಲಸಕ್ಕೆ ಕೊರತೆಯಾಗಲಾರದು. ಸೌದೆ ಭಟ್ಟಿಗಳ ಜಾಗಕ್ಕೆ, ಡೆಕ್ ಎಂಬ ಬೇಯಿಸುವ ಅಂತಸ್ತುಗಳನ್ನು ಒಂದರ ಮೇಲೊಂದು ಇಟ್ಟ ಗ್ಯಾಸ್ ಡೆಕ್ ಓವನ್‌ಗಳು ಬಂದ ಮೇಲೆ, ರಿಪೇರಿಯವನಿಗೆ ಬರುವ ಕರೆಗಳಲ್ಲಿ ಅತಿ ಹೆಚ್ಚಿನವು "ಓವನ್ ಹೊತ್ತುತ್ತಿಲ್ಲ, ಬೇಗ ಬನ್ನಿ" ಎಂಬವೇ ಆಗಿವೆ. ಈ ಕಸುಬಿನಲ್ಲಿ ನಾನು ಕಂಡುಕೊಂಡದ್ದರಲ್ಲಿ ನಿನಗೆ ತುರ್ತಾಗಿ ಬೇಕಾದದ್ದು ಇದೊಂದೇ ಎಂದು ತೋರಿದ್ದರಿಂದ, ಬೇರೆಲ್ಲವನ್ನೂ ಬದಿಗಿಟ್ಟು ಇದರ ಬಗ್ಗೆಯೇ ಬರೆಯುತ್ತಿದ್ದೇನೆ.

ಇಂಥ ಕರೆ ಬರುವುದು ಹೆಚ್ಚಾಗಿ ಬೆಳಗಿನ ಜಾವ 4 ಗಂಟೆಯ ಹೊತ್ತಿಗೆ. ಬ್ರೆಡ್ಡಿನ ಹಿಟ್ಟು ಅಚ್ಚುಗಳಲ್ಲಿ ಉಬ್ಬಿ ನಿಂತಿರುತ್ತದೆ, ಬನ್ನಿನ ಟ್ರೇಗಳು ಸಾಲಾಗಿ ಕಾಯುತ್ತಿರುತ್ತವೆ, ಇನ್ನರ್ಧ ಗಂಟೆ ಕಳೆದರೆ ಹಿಟ್ಟು ಹುಳಿಯಾಗುತ್ತದೆಂಬ ಆತಂಕದಲ್ಲಿ ಮಾಲೀಕರು ನಿನ್ನ ಬೆನ್ನ ಹಿಂದೆಯೇ ನಿಂತಿರುತ್ತಾರೆ. ನೀನು ಅಲ್ಲಿಗೆ ತಲುಪುವ ಮುಂಚೆ ಯಾರಾದರೂ ರೀಸೆಟ್ ಬಟನ್ನನ್ನು ಮತ್ತೆ ಮತ್ತೆ ಒತ್ತಿಯೇ ಇರುತ್ತಾರೆಂದು ತಿಳಿದುಕೊಂಡೇ ಒಳಗೆ ಹೋಗು. ಪ್ರತಿ ಸಲ ಒತ್ತಿದಾಗಲೂ ವಾಲ್ವ್ ಕೆಲವು ಸೆಕೆಂಡು ತೆರೆದುಕೊಂಡು, ಉರಿಯದ ಗ್ಯಾಸನ್ನು ಡೆಕ್ಕಿನೊಳಗೆ ಬಿಟ್ಟಿರುತ್ತದೆ. ಎಲ್‌ಪಿಜಿ ಗಾಳಿಗಿಂತ ಹೆಚ್ಚುಕಡಿಮೆ ಒಂದೂವರೆಯಿಂದ ಎರಡು ಪಟ್ಟು ಭಾರವಾದದ್ದರಿಂದ ಅದು ಮೇಲೇರಿ ಚದುರಿ ಹೋಗದೆ ಕೆಳಗಿನ ಡೆಕ್ಕಿನಲ್ಲಿ, ಓವನ್ನಿನ ಅಡಿಯಲ್ಲಿ, ನೆಲದ ಚರಂಡಿಯಲ್ಲಿ ತಂಗುತ್ತದೆ; ಗಾಳಿಯಲ್ಲಿ ಸುಮಾರು ಶೇಕಡಾ 2ರಿಂದ 9ರಷ್ಟು ಬೆರೆತಿದ್ದರೆ ಒಂದು ಕಿಡಿಗೆ ಸಿಡಿಯುತ್ತದೆ. ವಾಸನೆಗೆಂದು ಅದಕ್ಕೆ ಮರ್ಕ್ಯಾಪ್ಟನ್ ಬೆರೆಸಿರುತ್ತಾರಾದರೂ ಗಂಟೆಗಟ್ಟಲೆ ಅಲ್ಲೇ ಇದ್ದವರ ಮೂಗಿಗೆ ಅದು ರೂಢಿಯಾಗಿಬಿಟ್ಟಿರುತ್ತದೆ. ಆದಕಾರಣ ಅವರ ಮಾತನ್ನು ನಂಬದೆ, ಹೊರಗಿನಿಂದ ಬಂದ ನಿನ್ನ ಮೂಗನ್ನೇ ನಂಬು; ಬಗ್ಗಿ ನೆಲದ ಮಟ್ಟದಲ್ಲಿ ಮೂಸಿ ನೋಡು.

ಕೋಣೆಯಲ್ಲಿಯೇ ಗ್ಯಾಸ್ ವಾಸನೆಯಿದ್ದರೆ ದೀಪದ ಸ್ವಿಚ್ಚನ್ನಾಗಲಿ ಎಗ್ಸಾಸ್ಟ್ ಫ್ಯಾನಿನ ಸ್ವಿಚ್ಚನ್ನಾಗಲಿ ಮುಟ್ಟದೆ, ಸಿಲಿಂಡರ್ ವಾಲ್ವ್ ಮುಚ್ಚಿ, ಬಾಗಿಲು ತೆರೆದು, ಎಲ್ಲರನ್ನೂ ಹೊರಗೆ ಕಳಿಸು. ಸೋರಿಕೆ ನಿಲ್ಲದಿದ್ದರೆ ಗ್ಯಾಸ್ ಸೋರಿಕೆಯ ತುರ್ತು ಸಹಾಯವಾಣಿ 1906ಕ್ಕೆ ಫೋನ್ ಮಾಡು. ಕೋಣೆಯಲ್ಲಿ ವಾಸನೆಯಿಲ್ಲದಿದ್ದರೂ ಎಲ್ಲ ಡೆಕ್‌ಗಳ ಬಾಗಿಲು ತೆರೆದು ಕನಿಷ್ಠ 5 ನಿಮಿಷ ಸುಮ್ಮನೆ ಕಾಯಬೇಕು. ಆ 5 ನಿಮಿಷ ಮಾಲೀಕರಿಗೆ ಒಂದು ಯುಗದಂತೆ ಕಾಣುತ್ತದೆ, ಕೋಪ ಮಾಡಿಕೊಂಡು ಎರಡು ಮಾತು ಆಡಿದರೂ ಆಡುತ್ತಾರೆ. ಆಡಲಿ ಬಿಡು. ಮುಖದ ಮೇಲೆ ಉರಿ ನುಗ್ಗಿ ಹುಬ್ಬು, ಕೈ ಸುಟ್ಟುಕೊಂಡ ಕೆಲಸಗಾರರನ್ನು ನಾನು ಕಂಡಿದ್ದೇನೆ. ಅವರಲ್ಲಿ ಯಾರೂ ಕೆಲಸ ತಿಳಿಯದವರಾಗಿರಲಿಲ್ಲ, ಎಲ್ಲರೂ ಅವಸರದಲ್ಲಿದ್ದವರು.

ಆ ಹೊತ್ತನ್ನು ಸುಮ್ಮನೆ ಕಳೆಯಬೇಕಾಗಿಲ್ಲ. ಓವನ್ ಏನು ಮಾಡಿತು, ಯಾವ ಹಂತದಲ್ಲಿ ನಿಂತಿತು ಎಂಬುದನ್ನು ಕೆಲಸಗಾರರಿಂದ ಕೇಳಿ ತಿಳಿ. ಈಗಿನ ಓವನ್‌ಗಳಲ್ಲಿ ಥರ್ಮೋಸ್ಟ್ಯಾಟ್ ಶಾಖ ಬೇಕೆಂದು ಕೇಳಿದ ಕೂಡಲೇ ಕಂಟ್ರೋಲರ್ ಕಿಡಿ ಹಾರಿಸುತ್ತದೆ, ಕರೆಂಟಿನಿಂದ ತೆರೆದುಕೊಳ್ಳುವ ಸೊಲೆನಾಯ್ಡ್ ಎಂಬ ಗ್ಯಾಸ್ ವಾಲ್ವ್ ತೆರೆಯುತ್ತದೆ, ಜ್ವಾಲೆ ಬಂತೆಂದು ಅದರೊಳಗೆ ಚಾಚಿರುವ ಲೋಹದ ಕಡ್ಡಿ, ಅಂದರೆ ಫ್ಲೇಮ್ ರಾಡ್, ತಿಳಿಸಿದರೆ ಕಿಡಿ ನಿಂತು ವಾಲ್ವ್ ತೆರೆದೇ ಇರುತ್ತದೆ. ಕೆಲವು ಸೆಕೆಂಡಿನೊಳಗೆ ಆ ಸುದ್ದಿ ಬರದಿದ್ದರೆ ವಾಲ್ವ್ ಮುಚ್ಚಿ, ಓವನ್ ಲಾಕ್ ಆಗಿ ಕೆಂಪು ದೀಪ ಹತ್ತುತ್ತದೆ. ಫ್ಯಾನ್ ಇರುವ ರೋಟರಿ ಓವನ್‌ಗಳ ಬರ್ನರ್‌ನಲ್ಲಾದರೆ ಇದೆಲ್ಲಕ್ಕೂ ಮೊದಲು ಒಳಗಿನ ಗಾಳಿಯನ್ನು ಹೊರದೂಡುವ ಹಂತವೊಂದಿರುತ್ತದೆ. ಕಿಡಿಯೇ ಬರಲಿಲ್ಲವೇ, ಕಿಡಿ ಬಂದು ಜ್ವಾಲೆ ಬರಲಿಲ್ಲವೇ, ಅಥವಾ ಜ್ವಾಲೆ ಬಂದು ಆರಿಹೋಯಿತೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆಯೇ. ಈ ಉತ್ತರ ಸಿಗುವ ತನಕ ಸ್ಪ್ಯಾನರ್ ಕೈಗೆತ್ತಿಕೊಳ್ಳಬೇಡ.

ಕಿಡಿಯೇ ಇಲ್ಲದಿದ್ದರೆ ಕರೆಂಟು, ಫ್ಯೂಸು, ಥರ್ಮೋಸ್ಟ್ಯಾಟಿನ ಸೆಟ್ಟಿಂಗು ಇವನ್ನು ನೋಡಿ ಮುಗಿಸಿ ನೇರವಾಗಿ ಕಿಡಿ ಹಾರಿಸುವ ಕಡ್ಡಿಗೆ, ಅಂದರೆ ಎಲೆಕ್ಟ್ರೋಡಿಗೆ, ಬಾ. ಅದರ ತುದಿಗೂ ಬರ್ನರಿನ ಲೋಹಕ್ಕೂ ನಡುವೆ ಸಾಮಾನ್ಯವಾಗಿ 3ರಿಂದ 4 ಮಿ.ಮೀ. ಅಂತರವಿರಬೇಕು, ತಯಾರಕರ ಪುಸ್ತಕದಲ್ಲಿ ಬೇರೆ ಅಳತೆಯಿದ್ದರೆ ಅದನ್ನೇ ಪಾಲಿಸು. ಮೈದಾ ಪುಡಿ, ಎಣ್ಣೆಯ ಹೊಗೆ, ಸಕ್ಕರೆ ಸುಟ್ಟ ಮಸಿ ಎಲ್ಲವೂ ಸೇರಿ ಎಲೆಕ್ಟ್ರೋಡಿನ ಪಿಂಗಾಣಿ ಕವಚದ ಮೇಲೆ ಕಪ್ಪು ಪದರವಾಗಿ ಕೂತು, ಕಿಡಿ ತುದಿಗೆ ಬರುವ ಬದಲು ಆ ಪದರದ ಮೇಲೆಯೇ ಹರಿದು ಹೋಗುವುದುಂಟು. ಇದಕ್ಕಿಂತ ಮೋಸಗೊಳಿಸುವುದು ಪಿಂಗಾಣಿಯಲ್ಲಿ ಬಿಟ್ಟ ಕೂದಲೆಳೆಯಷ್ಟು ಸಣ್ಣ ಬಿರುಕು. ಹಗಲಿನಲ್ಲಿ ಅದು ಕಣ್ಣಿಗೆ ಬೀಳದು. ಗ್ಯಾಸನ್ನು ಪೂರ್ತಿ ಮುಚ್ಚಿ, ಒಳಗೆ ಗ್ಯಾಸ್ ಉಳಿದಿಲ್ಲವೆಂದು ಖಚಿತಪಡಿಸಿಕೊಂಡು, ದೀಪ ಆರಿಸಿ ಕಿಡಿ ಹಾರಿಸಿ ನೋಡು: ತುದಿಯಲ್ಲಿ ಬರಬೇಕಾದ ನೀಲಿ ಕಿಡಿ ಎಲೆಕ್ಟ್ರೋಡಿನ ಬುಡದಲ್ಲಿ, ಅದನ್ನು ಹಿಡಿದಿರುವ ತಗಡಿನ ಹತ್ತಿರ, ಸಣ್ಣಗೆ ಚಟಚಟ ಎನ್ನುತ್ತ ಮಿನುಗಿದರೆ ಬಿರುಕು ಅಲ್ಲಿಯೇ ಇದೆ. ಅಂಥದ್ದಕ್ಕೆ ಅಂಟು ಹಚ್ಚಿ ಸುತ್ತುವ ಉಪಾಯ ಬೇಡ, ಹೊಸದನ್ನೇ ಹಾಕು. ತಣ್ಣಗಿದ್ದಾಗ ಹೊತ್ತಿಕೊಂಡು ಬಿಸಿಯಾದ ಮೇಲೆ ಹೊತ್ತದ ಓವನ್ನಿನಲ್ಲಿ ಬಿರುಕನ್ನೋ ಶಾಖಕ್ಕೆ ಗಡುಸಾದ ಹೈಟೆನ್ಷನ್ ವಯರನ್ನೋ ಮೊದಲು ಅನುಮಾನಿಸಬೇಕು. ಬೆಳಿಗ್ಗೆ ಹೊತ್ತದೆ ಬಿಸಿಲೇರಿದ ಮೇಲೆ ಸರಿಹೋಗುವ ಓವನ್ನಿನಲ್ಲಿ ತೇವವನ್ನು ಅನುಮಾನಿಸಬೇಕು. ರಾತ್ರಿ ಪೈಪಿನಿಂದ ನೀರು ಬಿಟ್ಟು ನೆಲ ತೊಳೆಯುವ ಬೇಕರಿಗಳಲ್ಲಿಯೂ, ಮಳೆಗಾಲದಲ್ಲಿ ಮಲೆನಾಡು ಮತ್ತು ಕರಾವಳಿಯ ಬೇಕರಿಗಳಲ್ಲಿಯೂ ಈ ದೂರು ಸಾಮಾನ್ಯ.

ಕಿಡಿ ಚೆನ್ನಾಗಿದ್ದು ಜ್ವಾಲೆ ಬಾರದಿದ್ದರೆ ಗ್ಯಾಸಿನ ದಾರಿ ಹಿಡಿದು ಹೊರಡು. ಸಿಲಿಂಡರ್ ಬದಲಿಸಿದ ಕೂಡಲೇ ಪೈಪಿನಲ್ಲಿ ಗಾಳಿ ತುಂಬಿಕೊಂಡಿರುವುದರಿಂದ ಮೊದಲೊಂದೆರಡು ಸಲ ವಿಫಲವಾಗುವುದು ಸಹಜ. ಆಗಲೂ ಪ್ರತಿ ಪ್ರಯತ್ನದ ನಡುವೆ ಕಾಯಲೇಬೇಕು. ಸೊಲೆನಾಯ್ಡ್ ತೆರೆಯುವಾಗ 'ಟಕ್' ಎಂಬ ಸದ್ದು ಬೆರಳಿಗೂ ತಿಳಿಯುತ್ತದೆ. ಸದ್ದಿಲ್ಲದಿದ್ದರೆ ಕಾಯಿಲಿಗೆ ವೋಲ್ಟೇಜ್ ಬರುತ್ತಿದೆಯೇ ನೋಡು, ಬರುತ್ತಿದ್ದರೆ ಬಹುಮಟ್ಟಿಗೆ ಕಾಯಿಲ್ ಸುಟ್ಟಿದೆ ಎಂದರ್ಥ. ಒತ್ತಡ ಅಳೆಯಲು ದುಬಾರಿ ಮೀಟರೇ ಬೇಕೆಂದಿಲ್ಲ. ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯನ್ನು ಇಂಗ್ಲಿಷಿನ 'ಯು' ಆಕಾರದಲ್ಲಿ ಹಲಗೆಗೆ ಕಟ್ಟಿ ಅರ್ಧ ನೀರು ತುಂಬಿಕೋ, ಎರಡೂ ಕಡೆಯ ನೀರಿನ ಮಟ್ಟದ ವ್ಯತ್ಯಾಸ 30 ಸೆಂ.ಮೀ. ಇದ್ದರೆ ಒತ್ತಡ ಸುಮಾರು 30 ಮಿಲಿಬಾರ್. ಓವನ್ನಿನ ಫಲಕದಲ್ಲಿ ಬರೆದಿರುವ ಒತ್ತಡದೊಡನೆ ಇದನ್ನು ಹೋಲಿಸು. ಬರ್ನರ್ ಆರಿದ್ದಾಗಿನ ಅಳತೆಯೊಂದನ್ನೇ ನೋಡಿ ಸಮಾಧಾನಪಡಬೇಡ. ಎಲ್ಲ ಡೆಕ್‌ಗಳೂ ಉರಿಯುವಾಗ ನೀರಿನ ಮಟ್ಟ ಕುಸಿದರೆ ದೋಷ ರೆಗ್ಯುಲೇಟರಿನಲ್ಲಿಯೋ ಪೈಪಿನಲ್ಲಿಯೋ ಸಿಲಿಂಡರಿನಲ್ಲಿಯೋ ಇದೆ, ಓವನ್ನಿನಲ್ಲಿ ಇಲ್ಲ.

ಡಿಸೆಂಬರ್ ಜನವರಿಯ ಚಳಿಯಲ್ಲಿ 19 ಕಿಲೋ ಸಿಲಿಂಡರಿನ ಕೆಳಭಾಗಕ್ಕೆ ಬೆವರು, ಕೆಲವೊಮ್ಮೆ ಬಿಳಿ ಹಿಮ ಕಟ್ಟಿರುವುದನ್ನು ನೋಡುತ್ತೀಯೆ. ಒಳಗಿನ ದ್ರವ ಆವಿಯಾಗಲು ಬೇಕಾದ ಶಾಖವನ್ನು ಸಿಲಿಂಡರ್ ಸುತ್ತಲಿನ ಗಾಳಿಯಿಂದ ಪಡೆಯಬೇಕು. ಓವನ್ ಎಳೆಯುವ ವೇಗಕ್ಕೆ ಅದು ಸಾಲದೆ ಹೋದಾಗ ದ್ರವ ತಣ್ಣಗಾಗಿ ಒತ್ತಡ ಬೀಳುತ್ತದೆ. ಬ್ಯೂಟೇನ್ ಕುದಿಯುವುದೇ ಹೆಚ್ಚುಕಡಿಮೆ ಸೊನ್ನೆ ಡಿಗ್ರಿಯಲ್ಲಿ ಎಂಬುದನ್ನು ನೆನಪಿಟ್ಟರೆ ಇದು ಅರ್ಥವಾಗುತ್ತದೆ. ಇದಕ್ಕೆ ಪರಿಹಾರವೆಂದರೆ ಎರಡು ಮೂರು ಸಿಲಿಂಡರ್‌ಗಳನ್ನು ಮ್ಯಾನಿಫೋಲ್ಡ್ ಎಂಬ ಸಾಮಾನ್ಯ ಪೈಪಿಗೆ ಒಟ್ಟಿಗೆ ಜೋಡಿಸಿ ಭಾರ ಹಂಚುವುದು. ಬಿಸಿನೀರಿನ ಬಕೆಟ್ಟಿನಲ್ಲಿ ಸಿಲಿಂಡರ್ ಇಡುವವರನ್ನೂ, ಕೊನೆಯ ಗ್ಯಾಸನ್ನು ಹಿಂಡಲೆಂದು ಅದನ್ನು ಅಡ್ಡ ಮಲಗಿಸುವವರನ್ನೂ ನೀನು ಕಾಣುತ್ತೀಯೆ. ಮಲಗಿಸಿದ ಸಿಲಿಂಡರಿನಿಂದ ಆವಿಯ ಬದಲು ದ್ರವವೇ ಪೈಪಿಗೆ ಇಳಿದು ಬರ್ನರಿನಲ್ಲಿ ಭುಗಿಲೆನ್ನುತ್ತದೆ. ಎಷ್ಟು ಹಳೆಯ ಪರಿಚಯದವರೇ ಆಗಿರಲಿ, ಅದನ್ನು ನೆಟ್ಟಗೆ ನಿಲ್ಲಿಸುವವರೆಗೆ ಆ ಓವನ್ನನ್ನು ಮುಟ್ಟುವುದಿಲ್ಲವೆಂದು ಖಡಾಖಂಡಿತವಾಗಿ ಹೇಳು.

ಇನ್ನು ಜ್ವಾಲೆ ಬಂದು, ನಾಲ್ಕೈದು ಸೆಕೆಂಡು ಉರಿದು, ಆರಿ ಕೆಂಪು ದೀಪ ಹತ್ತುವ ಸಂಗತಿ. ನಮ್ಮ ಕಡೆಯ ಮೆಕ್ಯಾನಿಕ್‌ಗಳು ಅತಿ ಹೆಚ್ಚು ಎಡವುವುದು ಇಲ್ಲಿಯೇ. ಉರಿಯುವ ಜ್ವಾಲೆಯ ಮೂಲಕ ವಿದ್ಯುತ್ ಅತಿ ಅಲ್ಪ ಪ್ರಮಾಣದಲ್ಲಿ, ಕೆಲವೇ ಮೈಕ್ರೋ ಆಂಪಿಯರ್‌ಗಳಷ್ಟು, ಫ್ಲೇಮ್ ರಾಡಿನಿಂದ ಬರ್ನರಿಗೆ ಹರಿದು ಅರ್ಥಿಂಗ್ ಮೂಲಕ ಕಂಟ್ರೋಲರಿಗೆ ಮರಳುತ್ತದೆ. ಅಷ್ಟು ಸೂಕ್ಷ್ಮ ಪ್ರವಾಹಕ್ಕೆ ರಾಡಿನ ಮೇಲೆ ಕೂತ ಬೂದುಬಣ್ಣದ ತೆಳುಪದರವೂ ದೊಡ್ಡ ಅಡ್ಡಿಯೇ. ನಯವಾದ ಸ್ಟೀಲ್ ವುಲ್‌ನಿಂದ ಅದನ್ನು ಉಜ್ಜಿ ತೆಗೆ. ಒರಟು ಉಪ್ಪುಕಾಗದ ಬಳಸಿದರೆ ಬಿದ್ದ ಗೀರುಗಳಲ್ಲಿ ಮಸಿ ಇನ್ನೂ ಬೇಗ ಕೂರುತ್ತದೆ. ರಾಡಿನ ತುದಿ ಜ್ವಾಲೆಯೊಳಗೇ ಇರಬೇಕು, ಬರ್ನರಿನ ಲೋಹಕ್ಕೆ ತಾಗಿರಬಾರದು.

ರಾಡ್ ಶುದ್ಧವಾಗಿದ್ದೂ ಜ್ವಾಲೆ ಆರಿದರೆ ಕಂಟ್ರೋಲರ್ ಕೆಟ್ಟಿದೆಯೆಂದು ಸಾವಿರಾರು ರೂಪಾಯಿ ಖರ್ಚು ಮಾಡಿಸುವ ಮುನ್ನ ಗೋಡೆಯ ಪ್ಲಗ್ಗನ್ನು ನೋಡು. ಓವನ್ ಹಿಂದಿನ ದಿನದವರೆಗೆ ಚೆನ್ನಾಗಿತ್ತು, ಎಲೆಕ್ಟ್ರಿಷಿಯನ್ ಬಂದು ಬೋರ್ಡ್ ಬದಲಿಸಿ ಹೋದ ಮೇಲೆ ಹೀಗಾಯಿತು ಎಂದು ಯಾರಾದರೂ ಹೇಳಿದರೆ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿವೆಯೆಂದು ಬಹುಮಟ್ಟಿಗೆ ನಿಶ್ಚಯಿಸಬಹುದು. ಬಲ್ಬಿಗೆ, ಮಿಕ್ಸರಿಗೆ ಈ ಅದಲುಬದಲಿನಿಂದ ಏನೂ ಆಗದು. ಆದರೆ ಜ್ವಾಲೆಯನ್ನು ವಿದ್ಯುತ್ತಿನಿಂದ ಗುರುತಿಸುವ ಅನೇಕ ಕಂಟ್ರೋಲರ್‌ಗಳು ಅದರಿಂದ ಕುರುಡಾಗುತ್ತವೆ. ಅರ್ಥಿಂಗ್ ತಂತಿ ತುಕ್ಕು ಹಿಡಿದಿದ್ದರೂ ಫಲ ಅದೇ. ಕರೆಂಟು ಇದ್ದಾಗ ಹೊತ್ತುವ ಓವನ್ ಜನರೇಟರ್ ಮೇಲೆ ಹೊತ್ತುವುದಿಲ್ಲವೆಂಬ ದೂರು ಬಂದರೆ ಜನರೇಟರಿನ ನ್ಯೂಟ್ರಲ್ಲನ್ನು ಅರ್ಥಿಗೆ ಸೇರಿಸಿಲ್ಲವೆಂದು ತಿಳಿ. ಅದನ್ನು ನೀನೇ ಸೇರಿಸಲು ಹೋಗದೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನಿಂದ ಮಾಡಿಸು.

ಹಳೆಯ ಓವನ್‌ಗಳಲ್ಲಿ ಫ್ಲೇಮ್ ರಾಡಿನ ಬದಲು ಸದಾ ಉರಿಯುವ ಪುಟ್ಟ ಪೈಲಟ್ ಜ್ವಾಲೆಯೂ, ಅದರ ಶಾಖದಿಂದ ಸ್ವಲ್ಪ ವಿದ್ಯುತ್ ಹುಟ್ಟಿಸಿ ವಾಲ್ವನ್ನು ತೆರೆದಿಡುವ ಥರ್ಮೋಕಪಲ್ಲೂ ಇರುತ್ತವೆ. ನಾಬ್ ಒತ್ತಿ ಅರ್ಧ ನಿಮಿಷ ಹಿಡಿದು ಬಿಟ್ಟಾಗ ಪೈಲಟ್ ಆರಿದರೆ ತುದಿಯ ಮಸಿ ಒರೆಸು, ತುದಿ ಜ್ವಾಲೆಯಲ್ಲಿ ಮುಳುಗಿದೆಯೇ ನೋಡು, ವಾಲ್ವಿನ ಬಳಿಯ ನಟ್ ಸಡಿಲವಾಗಿದ್ದರೆ ಹದವಾಗಿ ಬಿಗಿ ಮಾಡು. ಅದು ಕೊಡುವುದು 20–30 ಮಿಲಿವೋಲ್ಟ್ ಮಾತ್ರ; ಮಲ್ಟಿಮೀಟರಿನಲ್ಲಿ ಅದಕ್ಕಿಂತ ತೀರ ಕಡಿಮೆ ತೋರಿದರೆ ಬದಲಿಸು.

'ಧಡ್' ಎಂಬ ಸದ್ದಿನೊಡನೆ ಹೊತ್ತಿಕೊಳ್ಳುವ ಓವನ್ನನ್ನು ಬೇಕರಿಯವರು ದೋಷವೆಂದೇ ಎಣಿಸುವುದಿಲ್ಲ, ಏಕೆಂದರೆ ಅದು ಹೊತ್ತುತ್ತದೆ. ಬೇರೊಂದು ರಿಪೇರಿಗೆ ಕರೆದಾಗಲೂ ನೀನು ಇದನ್ನು ಕಿವಿಗೊಟ್ಟು ಕೇಳಿಸಿಕೊಳ್ಳಬೇಕು. ಎಲೆಕ್ಟ್ರೋಡಿನ ಎದುರಿನ ಬರ್ನರ್ ತೂತುಗಳು ತುಕ್ಕಿನ ಪುಡಿಯಿಂದ ಮುಚ್ಚಿದ್ದು, ಗ್ಯಾಸ್ ದೂರದ ತೂತುಗಳಿಂದ ಹೊರಬಂದು ತುಂಬಿಕೊಂಡು, ಆಮೇಲೆ ಒಮ್ಮೆಲೇ ಹತ್ತಿಕೊಂಡಾಗ ಆ ಸದ್ದು ಬರುತ್ತದೆ. ಬರ್ನರ್ ಕಳಚಿ ತೂತುಗಳನ್ನು ಬ್ರಷ್ಷಿನಿಂದ ಶುದ್ಧಮಾಡು. ಆದರೆ ಬರ್ನರಿಗೆ ಗ್ಯಾಸ್ ಚಿಮ್ಮುವ ಸಣ್ಣ ತೂತಿನ ನಾಜಲ್ಲಿಗೆ ಮಾತ್ರ ಸೂಜಿ ಹಾಕಬೇಡ, ಹಿತ್ತಾಳೆ ಮೃದು, ತೂತು ಹಿಗ್ಗಿದರೆ ಆ ಓವನ್ನಿನ ಜ್ವಾಲೆ ಶಾಶ್ವತವಾಗಿ ಹಳದಿಯಾಗುತ್ತದೆ. ಗಾಳಿಯಿಂದ ಊದಿ ಶುದ್ಧಮಾಡು.

ಬೆಂಗಳೂರಿನಲ್ಲಿ ಗೇಲ್ ಗ್ಯಾಸ್ ಪೈಪುಗಳು ಬಂದ ಮೇಲೆ ಕೆಲವು ಬೇಕರಿಗಳು ಸಿಲಿಂಡರ್ ಬಿಟ್ಟು ನೈಸರ್ಗಿಕ ಅನಿಲಕ್ಕೆ ಬದಲಾಗುತ್ತಿವೆ. ಅಷ್ಟೇ ಗಾತ್ರದ ಪ್ರೊಪೇನಿನ ಶಾಖದಲ್ಲಿ ಅರ್ಧಕ್ಕಿಂತ ಕಡಿಮೆ ಮಾತ್ರ ಅದರಲ್ಲಿರುವುದರಿಂದ ಎಲ್‌ಪಿಜಿ ನಾಜಲ್ಲನ್ನು ಹಾಗೆಯೇ ಉಳಿಸಿದರೆ ಜ್ವಾಲೆ ಕುಗ್ಗಿ ಕಿಡಿಗೂ ರಾಡಿಗೂ ಎಟುಕದೆ ಹೋಗುತ್ತದೆ. ಅಂಥ ಕಡೆ ನಾಜಲ್, ಒತ್ತಡ, ಗಾಳಿಯ ಕಿಂಡಿ ಮೂರನ್ನೂ ತಯಾರಕರು ಹೇಳಿದಂತೆ ಬದಲಿಸಬೇಕು, ತೂತನ್ನು ಡ್ರಿಲ್ಲಿನಿಂದ ಅಂದಾಜಿಗೆ ದೊಡ್ಡದು ಮಾಡಬಾರದು.

ಇಷ್ಟೆಲ್ಲ ಬರೆದದ್ದರಲ್ಲಿ ನನ್ನ ಮನಸ್ಸಿಗೆ ಅತ್ಯಂತ ಮುಖ್ಯವಾದದ್ದನ್ನು ಈಗ ಹೇಳುತ್ತೇನೆ. ಫ್ಲೇಮ್ ರಾಡನ್ನೋ ಥರ್ಮೋಕಪಲ್ಲನ್ನೋ ಬೈಪಾಸ್ ಮಾಡಿ, ವಾಲ್ವಿಗೆ ನೇರ ಕರೆಂಟು ಕೊಟ್ಟು, ಲೈಟರಿನಿಂದ ಹೊತ್ತಿಸಿಕೊಳ್ಳಲು ಬಿಟ್ಟು ಬರುವ ಮೆಕ್ಯಾನಿಕ್‌ಗಳು ಈ ಕಸುಬಿನಲ್ಲಿದ್ದಾರೆ. "ಇವತ್ತೊಂದು ದಿನ ಓಡಲಿ, ನಾಳೆ ಪಾರ್ಟ್ ತಂದು ಹಾಕಿ" ಎಂದು ಮಾಲೀಕರೇ ನಿನ್ನನ್ನು ಬೇಡಿಕೊಳ್ಳುತ್ತಾರೆ, ಆ ನಾಳೆ ಬರುವುದೇ ಇಲ್ಲ. ಅದನ್ನು ನೀನು ಎಂದಿಗೂ ಮಾಡಕೂಡದು. ಬೇರೆಯವರು ಮಾಡಿಟ್ಟದ್ದು ಕಣ್ಣಿಗೆ ಬಿದ್ದರೆ ಬಿಚ್ಚಿ ಸರಿಪಡಿಸದೆ ಆ ಬೇಕರಿಯಿಂದ ಹೊರಡಕೂಡದು. ಹಿಟ್ಟನ್ನು ಉಳಿಸಿಕೊಳ್ಳಲು ಪಕ್ಕದ ಬೇಕರಿಯ ಓವನ್ನಿಗೆ ಕಳಿಸಿ ಎಂದು ಹೇಳು, ನಮ್ಮವರಲ್ಲಿ ಅಂಥ ಸಹಾಯಕ್ಕೆ ಯಾರೂ ಇಲ್ಲವೆನ್ನುವುದಿಲ್ಲ. ಎಲೆಕ್ಟ್ರೋಡ್, ಫ್ಲೇಮ್ ರಾಡ್, ಥರ್ಮೋಕಪಲ್, ಒಂದು ಸೊಲೆನಾಯ್ಡ್ ಕಾಯಿಲ್ ಇವುಗಳನ್ನು ಸದಾ ಚೀಲದಲ್ಲಿ ಇಟ್ಟುಕೊಂಡರೆ ಆ ಬೇಡಿಕೆಯೇ ಹುಟ್ಟದು.

ಕೆಲಸ ಮುಗಿದ ಮೇಲೆ ನೀನು ಬಿಚ್ಚಿದ ಪ್ರತಿ ಜಾಯಿಂಟಿಗೂ ಸೋಪುನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡು, ಬೆಂಕಿಕಡ್ಡಿ ಹಿಡಿದು ನೋಡುವ ಚಾಳಿ ಬೇಡ. ತಣ್ಣಗಿದ್ದಾಗ ಹೊತ್ತಿಸಿ ನೋಡಿದ್ದು ಸಾಲದು. 200 ಡಿಗ್ರಿ ದಾಟುವವರೆಗೆ ಕಾದು, ಆರಿಸಿ, ಬಿಸಿಯಲ್ಲಿಯೂ ಹೊತ್ತಿಸಿ ನೋಡು. ಉರಿಯುತ್ತಿರುವಾಗ ಗ್ಯಾಸ್ ವಾಲ್ವ್ ಮುಚ್ಚಿ, ಜ್ವಾಲೆ ಆರಿದ ಕೂಡಲೇ ಓವನ್ ತಾನಾಗಿ ಲಾಕ್ ಆಗುತ್ತದೆಯೇ ಎಂಬುದನ್ನು ಕಣ್ಣಾರೆ ಕಂಡ ಮೇಲಷ್ಟೇ ಬಿಲ್ ಬರೆ. ರೀಸೆಟ್ ಬಟನ್ನನ್ನು ಒಮ್ಮೆ ಒತ್ತಿ ಹೊತ್ತದಿದ್ದರೆ ಬಾಗಿಲು ತೆರೆದು 5 ನಿಮಿಷ ಕಾಯಬೇಕು, ಎರಡನೆಯ ಸಲವೂ ಹೊತ್ತದಿದ್ದರೆ ನಿನಗೆ ಫೋನ್ ಮಾಡಬೇಕು ಎಂದು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಓವನ್ನಿನ ಪಕ್ಕದ ಗೋಡೆಗೆ ಅಂಟಿಸಿ ಬಾ. ಅಲ್ಲಿ ಹಿಂದಿ ಮಾತ್ರ ಓದಬಲ್ಲ ಹುಡುಗರಿದ್ದರೆ ಅದರಲ್ಲಿಯೂ ಬರೆಸು.

ಯಾವುದಾದರೂ ಓವನ್ ಕೈಗೆ ಸಿಗದೆ ಕಾಡಿದರೆ ರಾತ್ರಿಯಾದರೂ ಸಂಕೋಚಪಡದೆ ಫೋನ್ ಮಾಡು.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ